ಟೊಟೊರೊಗೆ ಕುಂದಾಪ್ರ ಕನ್ನಡ

ನನಗೀಗ ನಲವತ್ತಾರು. ಕಚೇರಿಯಲ್ಲಿ ಊಟದ ಹೊತ್ತಿಗೆ ಕ್ರಿಕೆಟ್ಟು, ಶೇರು, ಫ್ಲಾಟುಗಳ ರೇಟು ಎಂದೆಲ್ಲ ಮಾತು ನಡೆಯುವಾಗ ‘ನಿನ್ನೆ ರಾತ್ರಿ ಒಂದೊಳ್ಳೆ ಅನಿಮೇಶನ್ ಸಿನಿಮಾ ನೋಡಿದೆ’ ಅಂದರೆ ‘ಮಗಳ ಜೊತೆಗಾ?’ ಎಂದು ಕೇಳುತ್ತಾರೆ. ಅಲ್ಲ, ಮಗಳು ಮಲಗಿದ ಮೇಲೆ ನೋಡಿದ್ದು. ಕಾರ್ಟೂನ್ ಎಂದರೆ ಮಕ್ಕಳ ಸರಕು ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಗಟ್ಟಿಯೆಂದರೆ, ಮೀಸೆ ನರೆತವನೊಬ್ಬ ಅದರ ಬಗ್ಗೆ ಉತ್ಸಾಹದಿಂದ ಮಾತಾಡಿದರೆ ಎದುರಿನವರಿಗೇ ಮುಜುಗರವಾಗುತ್ತದೆ.

ಈ ಹುಚ್ಚು ಹಿಡಿದದ್ದು ಡೊಂಬಿವಲಿಯಲ್ಲಿ. ಅಪ್ಪ ದಾದರಿನ ಹೋಟೆಲೊಂದರಲ್ಲಿ ಕೆಲಸಕ್ಕಿದ್ದರು. ಅಮ್ಮ ಕುಂದಾಪುರದ ಬಳಿ ಊರಿನಲ್ಲಿ ಗದ್ದೆ, ಕೊಟ್ಟಿಗೆ ನೋಡಿಕೊಂಡು ಉಳಿದಳು. ನನ್ನನ್ನು ಓದಿಗೆಂದು ದೊಡ್ಡಪ್ಪನ ಚಾಳಿಗೆ ಕಳಿಸಿದರು. ಮುಂಬಯಿ ಸೇರಿದ ಕರಾವಳಿಯ ಎಷ್ಟೋ ಮನೆಗಳ ಕಥೆ ಇದೇ, ಬಿಡಿಸಿ ಹೇಳಬೇಕಿಲ್ಲ. ನಮ್ಮ ಸಾಲಿನಲ್ಲಿ ಟಿವಿ ಇದ್ದದ್ದು ಒಂದೇ ಮನೆಯಲ್ಲಿ. ಅದರ ಹೊಸ್ತಿಲಲ್ಲಿ ಕೂತು ನೋಡಿದ್ದರಲ್ಲಿ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿರುವುದು ‘ಏಕ್ ಅನೇಕ್ ಔರ್ ಏಕತಾ’. ಬಲೆಯನ್ನೇ ಎತ್ತಿಕೊಂಡು ಹಾರಿಹೋಗುವ ಹಕ್ಕಿಗಳ ಕಥೆ. 1974ರಲ್ಲಿ ಫಿಲ್ಮ್ಸ್ ಡಿವಿಜನ್ನಿಗಾಗಿ ಅದನ್ನು ಮಾಡಿದವರು ವಿಜಯಾ ಮುಳೆ, ಅನಿಮೇಶನ್ ಭೀಮಸೇನ್ ಅವರದು ಎಂಬುದೆಲ್ಲ ತಿಳಿದದ್ದು ಬಹಳ ತಡವಾಗಿ. ಆಗ ನನಗೆ ಹಿಂದಿ ಅರ್ಧಂಬರ್ಧ. ಕಥೆ ಮಾತ್ರ ಪೂರ್ತಿ ತಿಳಿದಿತ್ತು.

ಕೆಲಸ ಸಿಕ್ಕ ಮೇಲೆ ಪೆಡ್ಡರ್ ರಸ್ತೆಯ ಫಿಲ್ಮ್ಸ್ ಡಿವಿಜನ್ ನನಗೆ ಒಂದು ಥರ ಯಾತ್ರಾಸ್ಥಳವೇ ಆಯಿತು. 1990ರಲ್ಲಿ ಶುರುವಾದ ಸಾಕ್ಷ್ಯಚಿತ್ರ, ಕಿರುಚಿತ್ರ ಮತ್ತು ಅನಿಮೇಶನ್ ಚಿತ್ರೋತ್ಸವ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಅದಕ್ಕೆ ರಜೆ ಹಾಕಿ ಹೋಗುತ್ತಿದ್ದೆ. ನಮ್ಮ ದೇಶದ ಅನಿಮೇಶನ್ನಿಗೆ ಒಂದು ಶಾಲೆ ಎಂಬುದು ಇದ್ದರೆ ಅದು ಈ ಸಂಸ್ಥೆಯೇ. 1956ರಲ್ಲಿ ಇಲ್ಲಿ ಕಾರ್ಟೂನ್ ಘಟಕ ಶುರುವಾದಾಗ ಕಲಿಸಲು ಬಂದವರು ಡಿಸ್ನಿಯಲ್ಲಿ ದುಡಿದಿದ್ದ ಕ್ಲೇರ್ ವೀಕ್ಸ್. ಮರುವರ್ಷವೇ ಜಾತಕ ಕಥೆಯೊಂದನ್ನು ಎತ್ತಿಕೊಂಡು ‘ದಿ ಬನಿಯನ್ ಡೀರ್’ ತಯಾರಾಯಿತು. ಅಲ್ಲಿ ಪಳಗಿದ ರಾಮ್ ಮೋಹನ್ ಮುಂದೆ ಜಪಾನಿನ ಯುಗೊ ಸಾಕೊ ಜೊತೆ ‘ರಾಮಾಯಣ: ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ’ ನಿರ್ದೇಶಿಸಿದರು. ಸಿನಿಮಾದ ಒಂದು ಸೆಕೆಂಡಿಗೆ 24 ಚೌಕಟ್ಟು. ಒಂದು ಚಿತ್ರವನ್ನು ಎರಡು ಚೌಕಟ್ಟಿಗೆ ಹಿಗ್ಗಿಸಿದರೂ ಸೆಕೆಂಡಿಗೆ 12 ಚಿತ್ರ, ನಿಮಿಷಕ್ಕೆ 720. ಕಂಪ್ಯೂಟರಿಲ್ಲದ ಕಾಲದಲ್ಲಿ ಯಾರೋ ಕೂತು ಇದನ್ನೆಲ್ಲ ಬರೆದರಲ್ಲ ಎಂದುಕೊಂಡರೆ ನನಗೆ ಈಗಲೂ ತಲೆ ತಿರುಗುತ್ತದೆ.

ಇಷ್ಟು ವರ್ಷ ಇದು ನನ್ನೊಬ್ಬನದೇ ಹವ್ಯಾಸವಾಗಿತ್ತು. ಮೂರು ವರ್ಷದ ಹಿಂದೆ ಅಮ್ಮ ಇಲ್ಲಿಗೆ ಬಂದ ಮೇಲೆ ಹಾಗೆ ಉಳಿಯಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಊರಿನ ಮನೆಗೆ ಬೀಗ ಹಾಕಿ ಅಮ್ಮನನ್ನು ಘೋಡಬಂದರ್ ರಸ್ತೆಗೆ ಕರೆತಂದೆವು. ವಾಘ್‌ಬಿಳ್ ನಾಕಾದ ಹತ್ತಿರ ಹದಿನಾಲ್ಕನೇ ಮಹಡಿ. ಒಂದು ಕಿಟಕಿಯಲ್ಲಿ ಯೇವೂರಿನ ಬೆಟ್ಟ, ಇನ್ನೊಂದರಲ್ಲಿ ದೂರಕ್ಕೆ ಖಾಡಿ, ನಡುವೆ ಮೆಟ್ರೊ ಕಂಬಗಳು, ಲಾರಿಗಳ ಸಾಲು. ‘ಎಷ್ಟು ಚಂದದ ನೋಟ’ ಎಂದು ಬಂದವರೆಲ್ಲ ಹೇಳುತ್ತಾರೆ. ಅಮ್ಮನಿಗೆ ನೋಟ ಬೇಕಿರಲಿಲ್ಲ, ಮಾತು ಬೇಕಿತ್ತು. ಹಿಂದಿ ಬಾರದು, ಮರಾಠಿ ಬಾರದು. ನಾನು, ಹೆಂಡತಿ ಬೆಳಿಗ್ಗೆ ಎಂಟಕ್ಕೆ ಹೊರಟರೆ ರಾತ್ರಿ ಎಂಟು. ಒಂಬತ್ತು ವರ್ಷದ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಆದರೆ ಉತ್ತರ ಬರುವುದು ಹಿಂದಿಯಲ್ಲಿ. ಅದೂ ಎಂಥ ಹಿಂದಿ? ಶಿನ್‌ಚಾನ್ ಮಾತಾಡುವ ಹಿಂದಿ, ಅದೇ ಎಳೆದ ರಾಗ. ಜಪಾನಿನ ತುಂಟ ಹುಡುಗ ಕುಂದಾಪುರದ ಮೊಮ್ಮಗಳಿಗೆ ಮುಂಬಯಿಯಲ್ಲಿ ಹಿಂದಿ ಕಲಿಸಿದ್ದಾನೆ. ಅಜ್ಜಿ ಏನೋ ಕೇಳುವುದು, ಇವಳು ಏನೋ ಹೇಳುವುದು, ಇಬ್ಬರೂ ಸುಮ್ಮನಾಗುವುದು. ಮೊದಲ ವರ್ಷ ಹೀಗೇ ಹೋಯಿತು. ‘ಮನೆಯಲ್ಲಿ ಕನ್ನಡ ಮಾತಾಡಿ’ ಎಂದು ಸಂಘದ ವೇದಿಕೆಗಳಲ್ಲಿ ಹೇಳುವುದು ಸುಲಭ. ಮಗುವಿಗೆ ಮಾತಾಡಬೇಕು ಅನಿಸುವುದು ಯಾಕೆ ಎಂಬುದು ಬೇರೆ ಪ್ರಶ್ನೆ.

ಗೀತಾಂಜಲಿ ರಾವ್ ಅವರ ‘ಪ್ರಿಂಟೆಡ್ ರೇನ್‌ಬೋ’ ನೋಡಿದ್ದೀರಾ? 2006ರದ್ದು, ಹದಿನೈದು ನಿಮಿಷದ ಚಿತ್ರ, ಕಾನ್ ಉತ್ಸವದ ಕ್ರಿಟಿಕ್ಸ್ ವೀಕ್‌ನಲ್ಲಿ ಪ್ರಶಸ್ತಿ ಗೆದ್ದದ್ದು. ಒಬ್ಬ ಮುದುಕಿ, ಅವಳ ಬೆಕ್ಕು, ದೊಡ್ಡ ನಗರದ ಫ್ಲಾಟು. ಅವಳ ಬಳಿ ಬೆಂಕಿಪೊಟ್ಟಣಗಳ ಸಂಗ್ರಹವಿದೆ. ಮನೆಯೆಲ್ಲ ಕಪ್ಪು ಬಿಳುಪು, ಪೊಟ್ಟಣದ ಮೇಲಿನ ಚಿತ್ರದೊಳಕ್ಕೆ ಅವಳು ಹೊಕ್ಕರೆ ಬಣ್ಣ. ಮಾತೇ ಇಲ್ಲ. ಅಮ್ಮನಿಗೆ ಅದನ್ನು ಒಂದು ಭಾನುವಾರ ತೋರಿಸಿದೆ. ಮುಗಿದ ಮೇಲೆ ‘ಅವ್ಳಿಗೆ ಬೆಕ್ಕಾದ್ರೂ ಇತ್ತ್’ ಅಂದಳು. ಕುಂದಾಪುರದ ‘ಇತ್ತ್’ ಎಂದರೆ ‘ಇದೆ’ ಎಂದರ್ಥ. ನನಗೆ ಮುಂದೆ ಮಾತಾಡಲು ಆಗಲಿಲ್ಲ.

ಆಮೇಲೆ ಬಂದದ್ದು ಟೊಟೊರೊ. ಮಿಯಾಜಾಕಿಯ ‘ಮೈ ನೇಬರ್ ಟೊಟೊರೊ’ 1988ರ ಚಿತ್ರ. ಅದರಲ್ಲೊಂದು ಬಸ್‌ಸ್ಟಾಪಿನ ದೃಶ್ಯವಿದೆ. ಜಡಿಮಳೆ, ಕತ್ತಲು, ತಂಗಿಯನ್ನು ಬೆನ್ನ ಮೇಲೆ ಹೊತ್ತ ಅಕ್ಕ ಅಪ್ಪನ ಬಸ್ಸಿಗೆ ಕಾಯುತ್ತಿದ್ದಾಳೆ. ಪಕ್ಕದಲ್ಲಿ ಆ ದೊಡ್ಡ ಪ್ರಾಣಿ ತಲೆಯ ಮೇಲೊಂದು ಎಲೆ ಇಟ್ಟುಕೊಂಡು ಬಂದು ನಿಲ್ಲುತ್ತದೆ. ಹುಡುಗಿ ಅಪ್ಪನಿಗೆಂದು ತಂದ ಕೊಡೆಯನ್ನು ಅದಕ್ಕೆ ಕೊಡುತ್ತಾಳೆ. ಕೊಡೆಯ ಮೇಲೆ ಹನಿ ಬೀಳುವ ಸದ್ದಿಗೆ ಅದಕ್ಕೆ ಆಗುವ ಖುಷಿ ನೋಡಬೇಕು! ನಿಮಿಷಗಟ್ಟಲೆ ಏನೂ ನಡೆಯದ, ಆದರೆ ಕಣ್ಣು ತೆಗೆಯಲಾಗದ ಇಂಥ ದೃಶ್ಯ ನಮ್ಮ ದೊಡ್ಡ ಸಿನಿಮಾಗಳಲ್ಲಿ ನನಗೆ ಸಿಕ್ಕದ್ದು ಕಡಿಮೆ.

ಮಗಳು ಜಪಾನಿ ದನಿಯಲ್ಲೇ ನೋಡುತ್ತಿದ್ದಳು. ಅಮ್ಮನಿಗೆ ಅದು ಗದ್ದಲ ಅನಿಸಿ ಸದ್ದು ಪೂರ್ತಿ ತೆಗೆಸಿದಳು. ಟೊಟೊರೊ ಬಂದು ನಿಂತದ್ದೇ, ಗೊಗ್ಗರು ದನಿ ಮಾಡಿ, ‘ಹೋಯ್ ಹೆಣ್ಣೇ, ಮಳಿ ಬತ್ತಿತ್ತ್ ಕಾಣ್. ನಂಗೂ ಒಂದ್ ಕೊಡಿ ಇತ್ತಾ?’ ಅಂದಳು. ಮಗಳು ಬಿದ್ದು ಬಿದ್ದು ನಕ್ಕಳು. ಮರುದಿನ ಅದೇ ದೃಶ್ಯ ಮತ್ತೆ ಹಾಕಿಸಿ, ಅಕ್ಕನ ಪಾತ್ರ ತಾನು ತೆಗೆದುಕೊಂಡಳು. ‘ಬಸ್ ಬತ್ತೇ ಇಲ್ಲ’ ಎಂಬುದು ನನ್ನ ಮಗಳು ತಾನಾಗಿ ಆಡಿದ ಮೊದಲ ಪೂರ್ತಿ ಕನ್ನಡ ವಾಕ್ಯ. ಘೋಡಬಂದರ್ ರಸ್ತೆಯಲ್ಲಿ ಇರುವವರಿಗೆ ಇದಕ್ಕಿಂತ ಉಪಯೋಗಕ್ಕೆ ಬರುವ ವಾಕ್ಯ ಬೇರೆ ಇಲ್ಲ ಬಿಡಿ.

ಈ ಡಬ್ಬಿಂಗ್ ನಮ್ಮ ಮನೆಯಲ್ಲಿ ಈಗಲೂ ನಡೆಯುತ್ತಿದೆ. ನೋಡುತ್ತ ನನಗೆ ಅನಿಸಿದ್ದು ಇಷ್ಟು: ಬರೆದ ಚಿತ್ರಕ್ಕೆ ಮಾತೃಭಾಷೆ ಎಂಬುದಿಲ್ಲ. ನಮಗೆ ಚಿರಪರಿಚಿತನಾದ ನಟನ ಬಾಯಿಂದ ಬೇರೆ ಯಾರದೋ ದನಿ ಬಂದರೆ ಕಿವಿಗೆ ಒಗರು. ಅನಿಮೇಶನ್ನಿನಲ್ಲಿ ಹಾಗಲ್ಲ, ಮೂಲದ ದನಿಯೇ ಎರವಲು. ಸಾಮಾನ್ಯವಾಗಿ ಮೊದಲು ಮಾತು ಮುದ್ರಿಸಿಕೊಂಡು, ಅದನ್ನು ಕೇಳಿಕೊಂಡೇ ಬಾಯಿ ಬರೆಯುತ್ತಾರೆ. ತೆರೆದ ಬಾಯಿ, ದುಂಡು ಬಾಯಿ, ಮುಚ್ಚಿದ ಬಾಯಿ ಹೀಗೆ ಕೆಲವೇ ಆಕಾರಗಳು ಸಾಕು. ಆ ಬಾಯಲ್ಲಿ ಯಾವ ಭಾಷೆಯೂ ಕೂರುತ್ತದೆ. ನಮ್ಮ ತೊಗಲು ಗೊಂಬೆಯಾಟದವರಿಗೆ ಇದು ಗೊತ್ತೇ ಇತ್ತು. ಪರದೆಯ ಹಿಂದೆ ಕೂತು ರಾಮನಿಗೂ ರಾವಣನಿಗೂ ದನಿ ಕೊಟ್ಟವರು ಅವರು.

ಕನ್ನಡ ಡಬ್ಬಿಂಗನ್ನು ದೂರವಿಟ್ಟ ಕಥೆ ಹಳೆಯದು. 1960ರ ದಶಕದಲ್ಲಿ ಅನಕೃ ಮೊದಲಾದವರು ವಿರೋಧಿಸಿದಾಗ ಕನ್ನಡ ಚಿತ್ರರಂಗ ಮದರಾಸಿನ ನೆರಳಲ್ಲಿತ್ತು, ಕಲಾವಿದರ ಅನ್ನದ ಪ್ರಶ್ನೆ ಇತ್ತು. ಅವರ ಕಾಳಜಿಯನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಆ ಬೇಲಿ ದಶಕಗಟ್ಟಲೆ ನಿಂತಿತು. 2015ರಲ್ಲಿ ಸ್ಪರ್ಧಾ ಆಯೋಗ ಅದರ ವಿರುದ್ಧ ಆದೇಶ ಕೊಟ್ಟ ಮೇಲೂ ಅಭ್ಯಾಸ ಪೂರ್ತಿ ಹೋಗಿಲ್ಲ. ರಾಮ್ ಮೋಹನರ ಆ ರಾಮಾಯಣ 2025ರ ಜನವರಿಯಲ್ಲಿ ಹೊಸದಾಗಿ ತೆರೆಗೆ ಬಂದಾಗ ಇಂಗ್ಲಿಷ್, ಹಿಂದಿ, ತಮಿಳು, ತೆಲುಗು ಇದ್ದವು. ಕನ್ನಡ ಇರಲಿಲ್ಲ. ಅದೇ ವರ್ಷ ಜುಲೈಯಲ್ಲಿ ಬೆಂಗಳೂರಿನ ಹೊಂಬಾಳೆಯವರು ಅರ್ಪಿಸಿದ ‘ಮಹಾವತಾರ ನರಸಿಂಹ’ ಕನ್ನಡದಲ್ಲೂ ಬಂತು, ದೇಶದಾದ್ಯಂತ ಗೆದ್ದಿತು. ಇನ್ನು ನಮ್ಮ ಗೋವಿನ ಹಾಡಿನ ಕಥೆಯನ್ನೇ ಇಟ್ಟುಕೊಂಡು ಬೆಂಗಳೂರಿನ ವಿ. ರವಿಶಂಕರ್ ಜನರಿಂದ ದುಡ್ಡು ಕೂಡಿಸಿ ಮಾಡಿದ ‘ಪುಣ್ಯಕೋಟಿ’ ಮಾತಾಡಿದ್ದು ಸಂಸ್ಕೃತದಲ್ಲಿ! ಚಿತ್ರ ಚೆನ್ನಾಗಿದೆ, ಆದರೂ ಅಮ್ಮ ‘ಇದು ಯಾರ ದನ?’ ಎಂದು ಕೇಳಿದ್ದನ್ನು ಹೇಳದೆ ಇರಲಾರೆ.

ಮೊಬೈಲಿನಲ್ಲಿ ಕನ್ನಡ ಶಿಶುಗೀತೆಗಳ ಅನಿಮೇಶನ್ ಬೇಕಾದಷ್ಟಿದೆ. ಇನ್ಫೋಬೆಲ್ಸ್‌ನವರ ಚಿನ್ನುವನ್ನು ನೋಡದ ಕನ್ನಡ ಕೂಸು ಕಡಿಮೆ. ಅದು ಮೂರು ನಾಲ್ಕು ವರ್ಷದವರೆಗೆ ಸರಿ. ಒಂಬತ್ತು ವರ್ಷದವಳಿಗೆ ಏನಿದೆ? ಅಲ್ಲಿಂದಲೇ ಹಿಂದಿ ಶುರು.

ಹೊಟ್ಟೆಕಿಚ್ಚು ತರಿಸಿದ ಚಿತ್ರವೆಂದರೆ ಮಲಯಾಳಂನ ‘ಕಂಡಿಟ್ಟುಂಡ್’. ಮುಂಬಯಿಯದೇ ಸ್ಟುಡಿಯೊ ಈಕ್ಸಾರಸ್‌ಗಾಗಿ ಅದಿತಿ ಕೃಷ್ಣದಾಸ್ ಮಾಡಿದ್ದು, ರಾಷ್ಟ್ರಪ್ರಶಸ್ತಿ ಬಂದದ್ದು. ಪಣಿಕ್ಕರ್ ಎಂಬ ಹಿರಿಯರು ತಾವು ಕಂಡ ಭೂತ ಪ್ರೇತಗಳ ಕಥೆಯನ್ನು ತಮ್ಮದೇ ದನಿಯಲ್ಲಿ, ತಮ್ಮ ಊರಿನ ಮಾತಿನಲ್ಲಿ ಹೇಳುತ್ತಾ ಹೋಗುತ್ತಾರೆ. ಕಪ್ಪು ಬಿಳುಪು ಗೆರೆಗಳು ಅವರ ಮಾತಿನ ಹಿಂದೆ ಓಡುತ್ತವೆ. ಅಷ್ಟೇ. ಒಬ್ಬ ಅಜ್ಜ, ಒಂದು ಮೈಕು, ಬರೆಯುವ ಕೈ.

ನಮ್ಮಲ್ಲಿ ಅಜ್ಜಿ ಇದ್ದಾಳೆ, ಫೋನಿನಲ್ಲಿ ಮೈಕಿದೆ. ಗದ್ದೆ ಉಳುಮೆ ಮುಗಿದ ಮೇಲೆ ಕೆರೆಗಿಳಿದು, ಕತ್ತಲಾದರೂ ಮೇಲೆ ಬರಲು ಒಪ್ಪದ ಕೋಣವೊಂದರ ಕಥೆಯನ್ನು ಅಮ್ಮನಿಂದ ಹೇಳಿಸಿ ಮುದ್ರಿಸಿದ್ದೇನೆ. ನಾಲ್ಕು ನಿಮಿಷ ಹತ್ತು ಸೆಕೆಂಡು. ಪೂರ್ತಿ ಮಾಡಲು ಮೂರು ಸಾವಿರ ಚಿತ್ರ ಬೇಕು. ಮಗಳು ಇದುವರೆಗೆ 108 ಬರೆದಿದ್ದಾಳೆ, ಎಂದರೆ ಒಂಬತ್ತು ಸೆಕೆಂಡು. ಅದರಲ್ಲಿ ಕೆರೆ ಇದೆ, ಕೋಣದ ಕೊಂಬು ಇದೆ, ಕೋಣ ಇನ್ನೂ ನೀರಿನಿಂದ ಮೇಲೆ ಬಂದಿಲ್ಲ. ಬಂದರೆ ನಡೆಯಬೇಕು, ನಾಲ್ಕು ಕಾಲು. ಕುದುರೆ ಓಡುವಾಗ ನಾಲ್ಕೂ ಕಾಲು ನೆಲ ಬಿಡುತ್ತವೆಯೇ ಎಂದು ತಿಳಿಯಲು 1878ರಲ್ಲಿ ಮೈಬ್ರಿಜ್ ಸಾಲಾಗಿ ಕ್ಯಾಮೆರಾ ಇಟ್ಟು ಫೋಟೊ ತೆಗೆದಿದ್ದ. ಆ ಫೋಟೊಗಳನ್ನು ತೋರಿಸೋಣ ಎಂದು ನಾನು ಹುಡುಕುತ್ತಿದ್ದೆ.

ಅಷ್ಟರಲ್ಲಿ ಮಗಳು ಅಜ್ಜಿಯನ್ನೇ ಕೇಳಿದಳು, ಕನ್ನಡದಲ್ಲೇ. ಅಮ್ಮ ಕನ್ನಡಕ ತೆಗೆದಿಟ್ಟು, ಎರಡೂ ಕೈಯ ಎರಡೆರಡು ಬೆರಳನ್ನು ಮೇಜಿನ ಮೇಲೆ ಊರಿ ನಡೆಸಿ ತೋರಿಸಿದಳು: ಎಡದ ಹಿಂದಿನ ಕಾಲು, ಅದರ ಬೆನ್ನಿಗೇ ಎಡದ ಮುಂದಿನದು, ಆಮೇಲೆ ಬಲದ ಹಿಂದಿನದು, ಬಲದ ಮುಂದಿನದು. ‘ಕೆಸರಲ್ಲಾದ್ರೆ ಇನ್ನೂ ನಿಧಾನ’ ಎಂದು ಮತ್ತೊಮ್ಮೆ ನಡೆಸಿದಳು. ಮಗಳು ಪೆನ್ಸಿಲ್ ಹಿಡಿದು ಎಣಿಸುತ್ತಿದ್ದಳು.