ಲ್ಯಾಪ್‌ಟಾಪಿನ ಬೇಸಗೆ

ಪ್ರತಿಯೊಂದು ಸುಖಕ್ಕೂ ಅದರದೇ ಆದ ಒಂದು ಸುಂಕವುಂಟು. ಹರಟೆಯ ಪ್ರಿಯರು ಕಾಲವನ್ನು ತೆರುತ್ತಾರೆ; ಸಿನಿಮಾ ಪ್ರಿಯರು ಹಣವನ್ನು ತೆರುತ್ತಾರೆ. ಲ್ಯಾಪ್‌ಟಾಪಿನಲ್ಲಿ ಆಟವಾಡುವ ನಮ್ಮಂಥವರು ಇವೆರಡನ್ನೂ ತೆತ್ತ ಮೇಲೆ ಮೂರನೆಯದೊಂದನ್ನು ತೆರಬೇಕು. ಅದೇ ಬಿಸಿ. ಅರ್ಧ ಗಂಟೆ ಮೋಟಾರು ಪಂದ್ಯ ಆಡಿರಿ, ಕೀಲಿಮಣೆ ದೋಸೆಯ ಹೆಂಚಿನಂತೆ ಕಾಯುತ್ತದೆ. ಒಂದು ಗಂಟೆ ಆಡಿರಿ, ಒಳಗಿನ ಫ್ಯಾನು ಹಿಟ್ಟಿನ ಗಿರಣಿಯಂತೆ ಗದ್ದಲವೆಬ್ಬಿಸುತ್ತದೆ. ಅಷ್ಟಕ್ಕೂ ಬಿಡದೆ ಮುಂದುವರಿಸಿದಿರೋ, ಅದುವರೆಗೆ ಕುದುರೆಯಂತೆ ಓಡುತ್ತಿದ್ದ ಆಟ ಕುಂಟತೊಡಗುತ್ತದೆ.

ಬಿಸಿಯ ವಿಷಯದಲ್ಲಿ ಮಾತನಾಡಲು ನಮ್ಮ ಹರಿಯಬ್ಬೆಯವರಿಗೆ ತಕ್ಕಮಟ್ಟಿನ ಅಧಿಕಾರವಿದೆಯೆಂದು ನನ್ನ ನಂಬಿಕೆ. ನಮ್ಮದು ಹಿರಿಯೂರು ತಾಲ್ಲೂಕು. ಬಿಸಿಲಿಗೆ ಬರವಿಲ್ಲ, ಧೂಳಿಗೆ ಕೊರತೆಯಿಲ್ಲ. 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರವು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೊಮ್ಮೆ ಕೋಡಿ ಬೀಳಲು 2022ರವರೆಗೆ, ಎಂದರೆ 89 ವರ್ಷ ಕಾಯಬೇಕಾಯಿತೆಂದರೆ ನಮ್ಮ ಸೀಮೆಯ ಮಳೆ ಎಂಥದೆಂದು ಬೇರೆ ಹೇಳಬೇಕಾಗಿಲ್ಲ.

ನಮ್ಮ ಮನೆಯಲ್ಲಿರುವುದು ಒಂದೇ ಲ್ಯಾಪ್‌ಟಾಪು. ಶೇಂಗಾ ಮಾರಿದ ದುಡ್ಡಿನಲ್ಲಿ ಕೊಂಡದ್ದು. ಅಕ್ಕನ ಸ್ಪರ್ಧಾತ್ಮಕ ಪರೀಕ್ಷೆಯ ಪಾಠಗಳು, ತಮ್ಮನ ವಿದ್ಯಾರ್ಥಿವೇತನದ ಅರ್ಜಿ, ನನ್ನ ಟಿಪ್ಪಣಿಗಳು ಎಲ್ಲವೂ ಅದರಲ್ಲಿಯೇ. ಇವೆಲ್ಲ ಮುಗಿದ ಮೇಲೆ ರಾತ್ರಿ ನನ್ನ ಆಟ. ಅದು ಸುಟ್ಟುಹೋದರೆ ನನಗೆ ಹೋಗುವುದು ಆಟ ಮಾತ್ರ. ಅಕ್ಕನಿಗೆ ಹೋಗುವುದು ಒಂದು ವರ್ಷ. ಆದ್ದರಿಂದ ಅದನ್ನು ತಂಪಾಗಿಡುವುದು ನನ್ನ ಪಾಲಿಗೆ ಕೇವಲ ಹವ್ಯಾಸದ ಮಾತಲ್ಲ.

ಈ ವಿದ್ಯೆಯ ಮೊದಲ ಪಾಠವನ್ನು ಹೇಳಿದವರು ಲ್ಯಾಪ್‌ಟಾಪನ್ನು ಒಮ್ಮೆಯೂ ಮುಟ್ಟದ ನಮ್ಮ ತಂದೆಯವರು. ಒಂದು ಏಪ್ರಿಲ್ ರಾತ್ರಿ ಫ್ಯಾನಿನ ಸದ್ದು ಕೇಳಿ ಒಳಗೆ ಬಂದವರು, "ಇದೇನೋ, ನೀರಿಲ್ದೆ ಮೋಟ್ರು ಓಡ್ದಂಗೆ ಕೂಗ್ತೈತಲ್ಲ!" ಎಂದರು. ಅವರ ಮಾತಿನ ಹಿಂದೆ ಒಂದು ನೋವಿತ್ತು. ಕೊಳವೆಬಾವಿಯೊಳಗಿನ ಮೋಟಾರು ನೀರನ್ನು ಮೇಲಕ್ಕೆತ್ತುವುದಷ್ಟೇ ಅಲ್ಲ, ತನ್ನ ಸುತ್ತ ಹರಿಯುವ ಆ ನೀರಿನಿಂದಲೇ ತಾನೂ ತಂಪಾಗಿರುತ್ತದೆ. ನೀರು ಕೆಳಕ್ಕೆ ಇಳಿದರೆ ಒಣಗಿ ಓಡಿ ಸುತ್ತಿದ ತಂತಿ ಸುಟ್ಟುಹೋಗುತ್ತದೆ. ಕೆಲವು ವರ್ಷಗಳ ಹಿಂದೆ ನಮ್ಮ ಮೋಟಾರು ಹಾಗೆಯೇ ಸುಟ್ಟಿತು. ಮೇಲಕ್ಕೆ ಎತ್ತಿಸಿ, ತಂತಿ ಸುತ್ತಿಸಿ, ಮತ್ತೆ ಇಳಿಸುವ ಹೊತ್ತಿಗೆ ಅರ್ಧ ಎಕರೆ ಈರುಳ್ಳಿ ಒಣಗಿ ನಿಂತಿತ್ತು.

ಅಂದು ನನಗೆ ಹೊಳೆದದ್ದು ಇಷ್ಟು: ತಂಪು ಎಂಬುದನ್ನು ಯಂತ್ರ ತಯಾರಿಸುವುದಿಲ್ಲ, ಹುಟ್ಟಿದ ಬಿಸಿಯನ್ನು ಯಾರಾದರೂ ಹೊತ್ತು ಹೊರಗೆ ಹಾಕಬೇಕು. ಹೊರುವವನ ದಾರಿ ಕಟ್ಟಿದರೆ ಯಂತ್ರ ಸುಡುತ್ತದೆ. ಮೋಟಾರಿಗೆ ನೀರು ಹೊರೆಯಾಳು, ಲ್ಯಾಪ್‌ಟಾಪಿಗೆ ಗಾಳಿ. ಅಷ್ಟೇ ಅಲ್ಲ, ಲ್ಯಾಪ್‌ಟಾಪಿನೊಳಗೂ ನೀರಿದೆಯೆಂದರೆ ಮಿತ್ರರು ನಗುತ್ತಾರೆ. ಆದರೆ ಅದು ದಿಟ. ಚಿಪ್ಪಿನ ಮೇಲೆ ಹಾಯ್ದಿರುವ ಚಪ್ಪಟೆ ತಾಮ್ರದ ಕೊಳವೆಯಲ್ಲಿ ಗಾಳಿಯನ್ನು ತೆಗೆದು, ಸಾಮಾನ್ಯವಾಗಿ ತುಸು ನೀರನ್ನೇ ತುಂಬಿರುತ್ತಾರೆ. ಚಿಪ್ಪಿನ ಬಿಸಿಗೆ ಅದು ಆವಿಯಾಗಿ ಇನ್ನೊಂದು ತುದಿಗೆ ಓಡುತ್ತದೆ. ಅಲ್ಲಿ ಫ್ಯಾನಿನ ಗಾಳಿಗೆ ತಣಿದು ಹನಿಯಾಗಿ, ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಒಳಗೋಡೆಯ ಸಣ್ಣ ರಂಧ್ರಗಳ ಮೂಲಕ ಹಿಂದಿರುಗುತ್ತದೆ. ಅನ್ನದ ಪಾತ್ರೆಯ ಮುಚ್ಚಳದಲ್ಲಿ ನಾವು ದಿನವೂ ನೋಡುವ ವ್ಯಾಪಾರವೇ ಇದು. 1963ರಲ್ಲಿ ಅಮೆರಿಕದ ಲಾಸ್ ಅಲಮೋಸಿನಲ್ಲಿ ಜಾರ್ಜ್ ಗ್ರೋವರ್ ಎಂಬ ವಿಜ್ಞಾನಿ ರೂಪಿಸಿದ ಇಂಥ ಕೊಳವೆ ಉಪಗ್ರಹಗಳಲ್ಲಿಯೂ ಕೆಲಸ ಮಾಡುತ್ತಿದೆ.

ತತ್ತ್ವ ತಿಳಿದ ಮೇಲೆ ಆಚರಣೆ ಸುಲಭ. ಹಾಸಿಗೆಯ ಮೇಲಿಟ್ಟು ಆಡಬಾರದು. ಹತ್ತಿಯು ಕೆಳಗಿನ ಗಾಳಿಕಂಡಿಗಳನ್ನು ಮುಚ್ಚುತ್ತದೆ. ಹಲಗೆಯ ಮೇಲಿಟ್ಟು ಹಿಂಬದಿಯ ಎರಡು ಮೂಲೆಗಳಿಗೆ ಒಂದೊಂದು ಹಳೆಯ ಗೈಡನ್ನು ಕೊಡಬೇಕು. ನಮ್ಮ ಗೈಡುಗಳು ಯಾವುದಾದರೂ ಒಂದನ್ನು ಮೇಲೆತ್ತಿದ್ದನ್ನು ನಾನು ಕಂಡದ್ದು ಅಲ್ಲಿಯೇ. ಎರಡು ಮೂರು ತಿಂಗಳಿಗೊಮ್ಮೆ ಯಂತ್ರವನ್ನು ಪೂರ್ತಿ ಆರಿಸಿ, ಫ್ಯಾನು ತಿರುಗದಂತೆ ಕಡ್ಡಿಯಿಂದ ಹಿಡಿದು, ಧೂಳನ್ನು ಕುಂಚದಿಂದ ತೆಗೆಯಬೇಕು. ಕೆಲವು ವರ್ಷಕ್ಕೆ ಚಿಪ್ಪಿಗೂ ಕೊಳವೆಗೂ ನಡುವಿನ ಪೇಸ್ಟು ಒಣಗುತ್ತದೆ. ಅದನ್ನು ಬಲ್ಲವರ ಕೈಯಲ್ಲಿ ಬದಲಾಯಿಸುವುದೇ ಲೇಸು.

ಇನ್ನೊಂದು ಮಾತು. ಸೆಕೆಂಡಿಗೆ 60 ಚಿತ್ರಗಳನ್ನಷ್ಟೇ ತೋರಿಸಬಲ್ಲ ಪರದೆಗೆ ಯಂತ್ರವು 120 ಚಿತ್ರ ಬರೆದುಕೊಟ್ಟರೆ, ಅರ್ಧದಷ್ಟು ದುಡಿಮೆ ತುಂಬಿದ ಮಡಿಗೆ ನೀರು ಹಾಯಿಸಿದಂತೆ ವ್ಯರ್ಥ. ಆಟದ ಸೆಟ್ಟಿಂಗಿನಲ್ಲಿ 60ಕ್ಕೆ, ಸಾಲದಿದ್ದರೆ 30ಕ್ಕೆ ಮಿತಿ ಹಾಕಿದರೆ ಬಿಸಿ ಹುಟ್ಟುವುದೇ ಕಡಿಮೆ. ಒದ್ದೆ ಬಟ್ಟೆಯನ್ನೋ ಮಂಜುಗಡ್ಡೆಯನ್ನೋ ಇಡಿರೆನ್ನುವವರ ಮಾತನ್ನು ಮಾತ್ರ ಕೇಳಬಾರದು. ತೇವ ಒಳಗಿಳಿದರೆ ರೋಗಕ್ಕಿಂತ ಮದ್ದೇ ಕೇಡು. ಎಂಥ ಫ್ಯಾನೂ ಕೋಣೆಯ ಗಾಳಿಗಿಂತ ತಂಪು ಮಾಡಲಾರದು. ಸಾಮಾನ್ಯವಾಗಿ ಈ ಯಂತ್ರಗಳನ್ನು 35 ಡಿಗ್ರಿಯವರೆಗಿನ ಕೋಣೆಗೆಂದು ಮಾಡಿರುತ್ತಾರೆ. ನಮ್ಮ ತಗಡಿನ ಸೂರಿನ ಕೆಳಗೆ ಏಪ್ರಿಲ್ ಮಧ್ಯಾಹ್ನ ಆ ಗಡಿ ಯಾವಾಗಲೋ ದಾಟಿರುತ್ತದೆ. ಆದ್ದರಿಂದ ಬೇಸಗೆಯಲ್ಲಿ ಆಟಕ್ಕೆ ಬೆಳಗಿನ ಜಾವವೇ ಪ್ರಶಸ್ತ.

ಇಷ್ಟಾಗಿಯೂ ಚಿಪ್ಪು 100 ಡಿಗ್ರಿಯ ಹತ್ತಿರ ಬಂದರೆ ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಆಟ ಕುಂಟುವುದು ಅದರಿಂದಲೇ. ನಮ್ಮ ಮಿತ್ರರು ಆಗ ಯಂತ್ರವನ್ನು ಬೈಯುತ್ತಾರೆ. ನನಗಾದರೋ ಅದು ಯಂತ್ರದ ವಿವೇಕವೆಂದೇ ತೋರುತ್ತದೆ. ಬಾವಿಯ ಮೋಟಾರಿಗೆ ಆ ವಿವೇಕವನ್ನು ಹೊರಗಿನಿಂದ ಜೋಡಿಸಬೇಕು; ಆಡುವವನಿಗೆ ಯಾರು ಜೋಡಿಸಬೇಕು? ಈಗ ನಮ್ಮ ಗೋಡೆಯ ಮೇಲೆ ಒಂದು ವೇಳಾಪಟ್ಟಿಯಿದೆ. ಅಕ್ಕನದು ಮೊದಲು, ತಮ್ಮನದು ಆಮೇಲೆ, ನಸುಕಿನ ಒಂದು ಗಂಟೆ ನನ್ನದು. ಆಟದಲ್ಲಿ ನಾನು ಹಿಂದೆ ಬಿದ್ದಿರುವುದು ನಿಜ. ಅಕ್ಕ ಮಾತ್ರ ಪಾಠದಲ್ಲಿ ಮುಂದಿದ್ದಾಳೆ.