ಜಿಂಕೆಗೆ ಹಾಕುವ ಸುಳ್ಳು ಗುರುತು

ನಮ್ಮಲ್ಲಿ ಜಿಂಕೆ ಹೊಡೆದರೆ ಜೈಲು. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಈಗ ಬೇಟೆ ಮಾತೇ ಇಲ್ಲ. ನನ್ನ ಅಕ್ಕ-ಭಾವ ಇರುವ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಲೈಸೆನ್ಸ್ ಇದ್ದರೆ ಸೀಸನ್‌ನಲ್ಲಿ ಹೊಡೆಯಬಹುದು. ನವೆಂಬರ್‌ನ ಒಂಬತ್ತು ದಿನದ ಬಂದೂಕು ಸೀಸನ್ ಅಲ್ಲಿನ ಹಳ್ಳಿಗಳಿಗೆ ಜಾತ್ರೆ ಇದ್ದಹಾಗೆ.

ಅಕ್ಕನ ಪಕ್ಕದ ಮನೆಯ ಅಜ್ಜ ಹಸು ಸಾಕುವ ರೈತರು. ಅಕ್ಟೋಬರ್‌ನಲ್ಲಿ ನಾನು ಹೋಗಿದ್ದಾಗ ತಮ್ಮ ಹೊಲದಂಚಿನ ಕಾಡು ತೋರಿಸಿದರು. ಅಲ್ಲಿರುವುದು ಬಿಳಿಬಾಲದ ಜಿಂಕೆ. ಬೆದೆ ಕಾಲ ಹತ್ತಿರವಾದಾಗ ಗಂಡು ಜಿಂಕೆ ನಮ್ಮ ಎದೆಮಟ್ಟಕ್ಕೆ ಬಾಗಿದ ಕೊಂಬೆಯೊಂದನ್ನು ನೆಕ್ಕಿ, ಕಚ್ಚಿ, ಹಣೆ ಉಜ್ಜುತ್ತದೆ. ಅದರ ಕೆಳಗಿನ ತರಗೆಲೆ ಸರಿಸಿ, ಮೊರದಗಲ ಮಣ್ಣು ಕೆದರುತ್ತದೆ. ಆಮೇಲೆ ಹಿಂಗಾಲು ಒಂದಕ್ಕೊಂದು ಉಜ್ಜುತ್ತಾ ಅಲ್ಲೇ ಉಚ್ಚೆ ಹೊಯ್ಯುತ್ತದೆ. ಕಾಲಿನ ಗ್ರಂಥಿಯ ವಾಸನೆಯೂ ಸೇರುತ್ತದೆ. ಬೇರೆ ಜಿಂಕೆಗಳು, ಹೆಣ್ಣು ಗಂಡು ಎಲ್ಲ, ಬಂದು ಮೂಸಿ ಸುದ್ದಿ ತಿಳಿಯುತ್ತವೆ. ನಮ್ಮ ಹೋರಿ ಹಸುವಿನ ಗಂಜಲ ಮೂಸಿ ತುಟಿ ಮೇಲೆತ್ತುವುದಿಲ್ಲವೇ, ಹಾಗೇ.

ಬೇಟೆಗಾರರು ಇದನ್ನೇ ನಕಲು ಮಾಡುತ್ತಾರೆ. ಮನುಷ್ಯರ ವಾಸನೆ ಹತ್ತದಂತೆ ರಬ್ಬರ್ ಬೂಟು, ಗ್ಲೌಸ್ ಹಾಕಿ, ಸರಿಯಾದ ಕೊಂಬೆ ಇಲ್ಲದಿದ್ದರೆ ಒಂದನ್ನು ಕಟ್ಟಿ, ಕೆಳಗೆ ಮಣ್ಣು ಕೆದರುತ್ತಾರೆ. ಹತ್ತಿರದ ಮರಕ್ಕೆ ಕ್ಯಾಮೆರಾ. ಗಂಡು ಹೆಚ್ಚಾಗಿ ಬರುವುದು ರಾತ್ರಿ, ರಾತ್ರಿ ಹೊಡೆಯುವಂತಿಲ್ಲ. ಹಾಗಾಗಿ ಯಾವ ಗಂಡು ಈ ಕಡೆ ಓಡಾಡುತ್ತಿದೆ ಎಂದು ತಿಳಿಯಲಿಕ್ಕೇ ಇದು ಹೆಚ್ಚು ಉಪಯೋಗ. ಅಜ್ಜನ ಜಾಣತನಕ್ಕೆ ನಾನು ತಲೆದೂಗಿದೆ, ಸುಳ್ಳು ಹೇಳಲ್ಲ.

ಆದರೆ ಅಂಗಡಿಯಲ್ಲಿ ಇದಕ್ಕೆಂದೇ ಜಿಂಕೆ ಉಚ್ಚೆಯ ಬಾಟಲಿ ಸಿಗುತ್ತದೆ. (ನಾವು ಗೋಮೂತ್ರ ಮಾರುವವರು, ನಗುವ ಹಾಗಿಲ್ಲ.) ಅದು ಬರುವುದು ಜಿಂಕೆ ಸಾಕುವ ಫಾರಂಗಳಿಂದ. ತೊಂದರೆ ಇರುವುದು ಇಲ್ಲೇ. ಅಲ್ಲಿನ ಜಿಂಕೆಗಳಿಗೆ ಸಿಡಬ್ಲ್ಯೂಡಿ ಎಂಬ ಕಾಯಿಲೆ ಇದೆ. ಮೊದಲು ಕಂಡಿದ್ದು 1967ರಲ್ಲಿ, ಕೊಲೊರಾಡೊದಲ್ಲಿ. ವಿಸ್ಕಾನ್ಸಿನ್‌ನಲ್ಲಿ ಪತ್ತೆಯಾಗಿದ್ದು 2002ರಲ್ಲಿ. ಜಿಂಕೆ ಸೊರಗಿ, ಜೊಲ್ಲು ಸುರಿಸಿ ಸಾಯುತ್ತದೆ. ಔಷಧಿ ಇಲ್ಲ. ಪ್ರಿಯಾನ್ ಎಂಬ ಕೆಟ್ಟ ಪ್ರೋಟೀನಿನಿಂದ ಬರುವ ಈ ರೋಗ ಉಚ್ಚೆ, ಜೊಲ್ಲು, ಹಿಕ್ಕೆಯಲ್ಲಿ ಹರಡುತ್ತದೆ. ಪ್ರಿಯಾನ್ ಬೇಯಿಸಿದರೂ ಹೋಗಲ್ಲ, ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ವರ್ಜೀನಿಯಾ ರಾಜ್ಯ 2015ರಲ್ಲೇ ಆ ಬಾಟಲಿಗಳನ್ನು ನಿಷೇಧಿಸಿತು.

ಅಜ್ಜನೂ ಬಾಟಲಿ ಬಿಟ್ಟಿದ್ದಾರೆ. ಬರೀ ಕೊಂಬೆ, ಬರೀ ಮಣ್ಣು. ಆದರೂ ಹತ್ತು ಜಿಂಕೆಯ ಬಾಯಿ ಒಂದೇ ಕೊಂಬೆಗೆ ತಾಗುವಂತೆ ನಾವೇ ಮಾಡುವುದು ಸರಿಯೇ ಎಂದು ಕೇಳಿದೆ. “ಕಾಡಿನಲ್ಲಿ ಅವೇ ಮಾಡಿಕೊಳ್ಳುತ್ತವಲ್ಲ” ಎಂದರು. ಅದೂ ನಿಜವೇ. ನನಗಂತೂ ಇನ್ನೊಂದು ಜಾಗ ಹೆಚ್ಚಿಸುವುದು ಬೇಡ ಅನಿಸುತ್ತದೆ.

ಮನುಷ್ಯರಿಗೆ ಈ ರೋಗ ಬಂದದ್ದು ಇದುವರೆಗೆ ಸಾಬೀತಾಗಿಲ್ಲ. ಆದರೂ ರೋಗವಿದ್ದ ಜಿಂಕೆಯ ಮಾಂಸ ತಿನ್ನಬೇಡಿ ಎನ್ನುತ್ತದೆ ಅಲ್ಲಿನ ಆರೋಗ್ಯ ಇಲಾಖೆ. ಜಿಂಕೆಯ ತಲೆ ಕೊಟ್ಟರೆ ವಿಸ್ಕಾನ್ಸಿನ್ ಸರ್ಕಾರ ಪುಕ್ಕಟೆ ಪರೀಕ್ಷೆ ಮಾಡಿಕೊಡುತ್ತದೆ. ಪ್ರತಿ ವರ್ಷ ಅಜ್ಜ ಅಕ್ಕನ ಮನೆಗೂ ಒಂದಿಷ್ಟು ಮಾಂಸ ಕಳಿಸುತ್ತಾರೆ. ರಿಪೋರ್ಟ್ ಬರುವ ತನಕ ಫ್ರೀಜರ್‌ನಲ್ಲೇ ಇಡು, ಮಕ್ಕಳಿಗೆ ಕೊಡಬೇಡ ಅಂತ ಅಕ್ಕನಿಗೆ ಹೇಳಿ ಬಂದಿದ್ದೇನೆ.