ಬಿರುಕು ಬಿಡದ ನೆಲ

ಜೈಸಲ್ಮೇರಿನಿಂದ ಪಶ್ಚಿಮಕ್ಕೆ ಸುಮಾರು 40 ಕಿ.ಮೀ. ಹೋದರೆ ಸಮ್. ಡಿಸೆಂಬರಿನ ಒಂದು ಸಂಜೆ ಅಲ್ಲಿನ ಮರಳು ದಿಬ್ಬದ ಬುಡದಲ್ಲಿ ಇಳಿದೆ. ಒಂಟೆಯ ಹಗ್ಗ ಹಿಡಿದಿದ್ದ ಹಿರಿಯರು, "ಚಪ್ಪಲಿ ಬಿಡು ಬೇಟಾ, ಬರಿಗಾಲಲ್ಲಿ ಹತ್ತು" ಎಂದರು. ಮೇಲಿನ ಮರಳು ಇನ್ನೂ ಬೆಚ್ಚಗಿತ್ತು. ಹೆಜ್ಜೆ ಹೂತಲ್ಲೆಲ್ಲ ಅಡಿಯಿಂದ ತಣ್ಣನೆಯ ಮರಳು ಕಾಲ್ಬೆರಳಿಗೆ ತಾಗುತ್ತಿತ್ತು.

ಗಾಳಿ ಬೀಸಿ ಬರುವ ಕಡೆ ದಿಬ್ಬ ನಿಧಾನವಾಗಿ ಏರುತ್ತದೆ, ಆಚೆ ಕಡೆ ಕಡಿದಾಗಿ ಇಳಿಯುತ್ತದೆ. ನೆತ್ತಿಯ ಅಂಚಿನಲ್ಲಿ ಕೂತು ಸೂರ್ಯ ಮುಳುಗುವುದನ್ನು ನೋಡಿದೆ. ಚಿತ್ರಗಳಲ್ಲಿ ಕಂಡಷ್ಟೇ ಚೆಂದ. ಆದರೆ ನನ್ನ ಮನಸ್ಸು ಆ ತಣ್ಣನೆಯ ಪದರದಲ್ಲೇ ಇತ್ತು.

ರಾತ್ರಿ ಡೇರೆಯ ಮುಂದೆ ಬೆಂಕಿ ಹಾಕಿದರು. ಮಾಂಗಣಿಯಾರ್ ಗಾಯಕರೊಬ್ಬರು ಕಮಾಯಿಚಾ ನುಡಿಸಿ ಹಾಡಿದರು. ಆ ಮರದ ವಾದ್ಯದ ದನಿ ಮನುಷ್ಯರ ಗಂಟಲಿನದ್ದೇ ಎನಿಸುವಷ್ಟು ಹತ್ತಿರದ್ದು. ಊಟಕ್ಕೆ ಕೇರ್-ಸಾಂಗ್ರಿ ಪಲ್ಯ, ತುಪ್ಪ, ಬೆಲ್ಲ, ಬಾಜ್ರಾ ರೋಟಿ. ಗದಗ ಸೀಮೆಯಲ್ಲಿ ಹುಟ್ಟಿದವರಿಗೆ ಆ ರೋಟಿಯೇನೂ ಹೊಸದಲ್ಲ, ನಮ್ಮ ಸಜ್ಜೆ ರೊಟ್ಟಿಯೇ. ಅವ್ವ ತೆಳ್ಳಗೆ ಬಡಿಯುತ್ತಿದ್ದಳು, ಇವರದು ದಪ್ಪ.

ಬೆಳಗಿನ ಜಾವ ಚಳಿಗೆ ಎಚ್ಚರವಾಗಿ ಹೊರಬಂದರೆ ಒಂಟೆಯ ಹಗ್ಗ ಹಿಡಿದಿದ್ದ ಆ ಹಿರಿಯರು, ಎಲ್ಲರ ಬಾಯಲ್ಲಿ ಕಾಕಾ, ಒಂಟೆಯ ಪಕ್ಕ ಕೂತಿದ್ದರು. ಇಷ್ಟು ಒಣ ನೆಲದಲ್ಲಿ ಮರಳಿನ ಅಡಿ ಆ ತಂಪು ಎಲ್ಲಿಂದ ಎಂದು ಕೇಳಿದೆ. ಮಾತಾಡದೆ ಕೈಯಿಂದ ಮರಳು ತೋಡತೊಡಗಿದರು. ಮೊಣಕೈ ಮುಳುಗುವಷ್ಟು ಆಳದಿಂದ ಒಂದು ಹಿಡಿ ತೆಗೆದು ನನ್ನ ಅಂಗೈಗಿಟ್ಟರು. ಮರಳು ಹಸಿಯಾಗಿತ್ತು.

ವರ್ಷಕ್ಕೆ 200 ಮಿಲಿಮೀಟರ್ ಮಳೆಯೂ ಬೀಳದ ನಾಡು ಅದು. ಅಲ್ಲಿ ನೀರಿಗೆ ಮೂರು ಹೆಸರು. ಮಳೆಯಾಗಿ ಬಿದ್ದು ಕೆರೆಕುಂಟೆ ಸೇರಿದ್ದು ಪಾಲರ್ ಪಾನಿ. ಆಳದ ಅಂತರ್ಜಲ ಪಾತಾಳ ಪಾನಿ, ಬಹಳ ಕಡೆ ಉಪ್ಪು. ಇವೆರಡರ ನಡುವೆ, ಮರಳಿನೊಳಗೆ ತೇವವಾಗಿ ಉಳಿದದ್ದು ರೇಜಾಣಿ ಪಾನಿ. ಕೆಲವು ಜಾಗಗಳಲ್ಲಿ ಮರಳಿನ ಅಡಿ ಜಿಪ್ಸಮ್ಮಿನ ಗಟ್ಟಿ ಪದರವಿರುತ್ತದೆ. ಇಳಿಯುವ ತೇವವನ್ನು ಅದು ಉಪ್ಪುನೀರಿಗೆ ಸೇರಗೊಡದೆ ತಡೆಯುತ್ತದೆ. ಅಂಥಲ್ಲಿ ಒಬ್ಬ ಮನುಷ್ಯ ಮುದುರಿ ಕೂರುವಷ್ಟೇ ಅಗಲದ ಬಾವಿ ತೋಡುತ್ತಾರೆ. ಅದಕ್ಕೆ ಕುಂಯಿ ಎನ್ನುತ್ತಾರೆ. ತೋಡುವವನಿಗೆ ಒಳಗೆ ಉಸಿರು ಕಟ್ಟದಿರಲೆಂದು ಮೇಲಿದ್ದವರು ಹಿಡಿ ಹಿಡಿ ಮರಳು ಎಸೆಯುತ್ತಾರೆ. ಅದರ ಜೊತೆ ಹೊಸ ಗಾಳಿಯೂ ಇಳಿಯುತ್ತದೆ. ಇಷ್ಟೆಲ್ಲ ಮಾಡಿದ ಮೇಲೆ ಒಂದು ಕುಂಯಿ ದಿನಕ್ಕೆ ಕೊಡುವುದು ಎರಡು-ಮೂರು ಕೊಡ ಸಿಹಿನೀರು. ರಾಮಗಢದ ಕಡೆಯ ತಮ್ಮೂರಿನಲ್ಲಿ ಅದೇ ನೀರು ಕುಡಿದು ಬೆಳೆದವರು ಕಾಕಾ.

"ಮರಳು ಬಿರಿಯುವುದಿಲ್ಲ, ಅದಕ್ಕೇ ನೀರು ಉಳಿಯುತ್ತದೆ" ಎಂದರು.

ಆ ಮಾತು ಕೇಳಿದಾಗ ನಮ್ಮೂರಿನ ಎರೆಹೊಲ ಕಣ್ಣ ಮುಂದೆ ಬಂತು. ಎರೆಮಣ್ಣಿನ ಕಣಕಣ ಅಂಟಿಕೊಂಡಿರುತ್ತದೆ, ಒಣಗುತ್ತ ಸೆಳೆದುಕೊಳ್ಳುತ್ತದೆ, ಬೇಸಿಗೆಗೆ ಕಾಲು ಇಳಿಯುವಷ್ಟು ಬಾಯಿ ಬಿಡುತ್ತದೆ. ಆ ಬಿರುಕುಗಳಿಂದಲೇ ಉಳಿದ ತೇವವೂ ಆರಿಹೋಗುತ್ತದೆ. ಮರಳಿನ ಕಣಗಳು ಒಂದಕ್ಕೊಂದು ಅಂಟುವುದೇ ಇಲ್ಲ. ಬಿರಿಯಲು ಅಲ್ಲಿ ಏನಿದೆ? ಜೈಸಲ್ಮೇರಿನ ಸುಮಾರು ಮೂರು ಪಟ್ಟು ಮಳೆ ಕಾಣುವ ನಾವು ಬೋರ್‌ವೆಲ್ಲಿನ ಮೇಲೆ ಬೋರ್‌ವೆಲ್ ಕೊರೆಸಿ ಸಾಲಗಾರರಾದೆವು. ನಮ್ಮ ತಂದೆ ಕೊರೆಸಿದ ಮೂರರಲ್ಲಿ ಎರಡು ಬತ್ತಿವೆ. ಮಳೆ ಬಿದ್ದ ಜಾಗದಲ್ಲೇ ನೀರನ್ನು ಹಿಡಿದಿಡುವ ಈ ತಿಳಿವಳಿಕೆ ನಮ್ಮ ಹಿರಿಯರಿಗೂ ಇತ್ತು. ಕೆರೆಗಳ ಹೂಳು ತೆಗೆಯುವುದನ್ನು ಬಿಟ್ಟವರು ನಾವು.

ಏಳು ಗಂಟೆಗೆ ಶಿಬಿರಕ್ಕೆ ನೀರಿನ ಟ್ಯಾಂಕರ್ ಬಂತು. ಡೇರೆ ಡೇರೆಗೂ ಬಿಸಿನೀರಿನ ಶವರ್. ಒಂದರಲ್ಲಿ ಯಾರೂ ಇಲ್ಲದೆ ನೀರು ಸುರಿಯುತ್ತಲೇ ಇತ್ತು. ಹೋಗಿ ನಿಲ್ಲಿಸಿ ಬಂದೆ. ಆ ದಿನ ಸ್ನಾನ ಮಾಡಲು ಮನಸ್ಸಾಗಲಿಲ್ಲ.

ನೀವೂ ಹೋಗಿ, ಖಂಡಿತ ಹೋಗಿ. ಅರ್ಧ ಬಕೆಟ್ ನೀರಿನಲ್ಲಿ ಸ್ನಾನ ಮುಗಿಸಿ. ಊರಿನವರನ್ನು ಕೇಳಿ, ಒಂದು ಕುಂಯಿಯನ್ನು ನೋಡಿ ಬನ್ನಿ.